ಹಾಲ್‌ನಲ್ಲಿ ನಿಂತ ಬೀರು

ಸಾಮಾನು ಇಳಿಸಿದವರು ಬೀರುವನ್ನು ಮಲಗುವ ಕೋಣೆಯ ಗೋಡೆಗೆ ಒತ್ತಿ ನಿಲ್ಲಿಸಿದಾಗ, ಇನ್ನು ಈ ಜನ್ಮದಲ್ಲಿ ಇದನ್ನು ಅಲ್ಲಾಡಿಸುವುದಿಲ್ಲ ಎಂದುಕೊಂಡಿದ್ದೆ. ಅಷ್ಟು ಭಾರ. ನಾಲ್ವರು ಹೊತ್ತರೂ ಬಾಗಿಲ ಚೌಕಟ್ಟಿಗೆ ಉಜ್ಜಿ ಒಂದು ಕಡೆ ಬಣ್ಣ ಕಿತ್ತುಬಂದಿತ್ತು. ಹನ್ನೆರಡನೇ ದಿನ ಬೆಳಿಗ್ಗೆ ಕೆಳಗಿನ ಅರೆಯಿಂದ ಒಂದು ಹೊದಿಕೆ ಎಳೆದೆ; ಕೈಗೆ ತಣ್ಣಗೆ ತಾಗಿತು. ಬಿಡಿಸಿದರೆ ಮಡಿಕೆಯುದ್ದಕ್ಕೂ ಬೂದು ಬಣ್ಣದ ಬೂಷ್ಟು. ಮೂಸಿದೆ. ಒಣಗದ ಕಂಬಳಿಯ ವಾಸನೆ. ಹೊರಗೆ ನೋಡಿದರೆ ಸುಡುಬಿಸಿಲು, ಮಳೆ ಬಂದು ತಿಂಗಳುಗಳೇ ಕಳೆದಿದ್ದವು.

ಇವರೂ ನಾನೂ ಸೇರಿ ಬೀರುವನ್ನು ಗೇಣುದ್ದ ಮುಂದಕ್ಕೆ ಎಳೆದೆವು. ಹಿಂದಿನ ಗೋಡೆಯಲ್ಲಿ, ಬುಡದ ಸ್ಕರ್ಟಿಂಗ್ ಟೈಲ್ಸ್‌ನ ಮೇಲಿನಿಂದ ಮೊಣಕಾಲೆತ್ತರದವರೆಗೆ ತೇವ ಹಬ್ಬಿತ್ತು. ಬಣ್ಣ ಅಲ್ಲಲ್ಲಿ ಬೊಕ್ಕೆಯ ಹಾಗೆ ಉಬ್ಬಿತ್ತು. ಬೆರಳಿಂದ ಒತ್ತಿದರೆ ಸಾರಣೆ ಪುಡಿಪುಡಿಯಾಗಿ ಉದುರಿತು, ಅದರೊಳಗೆ ಬಿಳಿ ಉಪ್ಪು. ಬೀರುವಿನ ಹಿಂಬದಿಯ ಪ್ಲೈವುಡ್ ನೆನೆದು ಅಲೆಯಲೆಯಾಗಿ ಬಾಗಿತ್ತು.

“ಬಣ್ಣ ಹೊಸದು ಅಂದಿದ್ರಲ್ಲ,” ಅಂದೆ.

“ಹೊಸದೇ. ಈ ಗೋಡೆಗೆ ಮಾತ್ರ,” ಅಂದರು ಇವರು.

ಆಗಲೇ ನಮಗೆ ಹೊಳೆದದ್ದು. ಉಳಿದ ಮೂರು ಗೋಡೆಗಳ ಬಣ್ಣ ಮಾಸಿತ್ತು, ಕ್ಯಾಲೆಂಡರ್ ತೂಗುಹಾಕಿದ್ದ ಮೊಳೆಯ ಗುರುತೂ ಇತ್ತು. ಈ ಗೋಡೆ ಮಾತ್ರ ಥಳಥಳ. ಕೊಳ್ಳುವ ಮುಂಚೆ ಮೂರು ಸಲ ಬಂದು ನೋಡಿದ್ದೆವು. ಬೆಳಕು ನೋಡಿದೆವು, ಗಾಳಿ ನೋಡಿದೆವು, ಅಡುಗೆಮನೆಯ ಕಟ್ಟೆ ನನ್ನ ಎತ್ತರಕ್ಕೆ ಸರಿಹೊಂದುತ್ತದೆಯೇ ಎಂದೂ ನೋಡಿದೆವು. ಒಂದೇ ಒಂದು ನಲ್ಲಿ ತಿರುಗಿಸಲಿಲ್ಲ, ಒಂದು ಫ್ಲಶ್ ಎಳೆಯಲಿಲ್ಲ. ನಾಲ್ಕು ಗೋಡೆಯಲ್ಲಿ ಒಂದಕ್ಕೆ ಮಾತ್ರ ಯಾಕೆ ಬಣ್ಣ ಹೊಡೆಸಿದ್ದಾರೆ ಎಂದು ಕೇಳುವ ಬುದ್ಧಿಯೂ ಬರಲಿಲ್ಲ. ಖಾಲಿ ಮನೆ ನೋಡಲು ಹೋದವರ ಕಣ್ಣಿಗೆ ಅಲ್ಲಿ ಮುಂದೆ ಇಡಲಿರುವ ತಮ್ಮ ಸಾಮಾನೇ ಕಾಣುತ್ತಿರುತ್ತದೆ, ಗೋಡೆ ಕಾಣುವುದಿಲ್ಲ.

ಅಲ್ಲಿಯವರೆಗಿನ ಹನ್ನೊಂದು ದಿನವೂ ಸುಮ್ಮನೆ ಕಳೆದಿರಲಿಲ್ಲ. ಮೊದಲ ದಿನವೇ ಅಡುಗೆಮನೆಯ ನಲ್ಲಿಯಲ್ಲಿ ನೀರು ನೂಲಿನಂತೆ ಬರುತ್ತಿತ್ತು. ಟ್ಯಾಂಕು ಎತ್ತರ ಸಾಲದು, ಪಂಪು ಹಾಕಿಸಬೇಕು ಎಂದು ಇವರು ಲೆಕ್ಕಕ್ಕೆ ಕೂತರು. 10 ಮೀಟರ್ ಎತ್ತರದ ನೀರಿಗೆ ಹೆಚ್ಚುಕಡಿಮೆ 1 ಬಾರ್ ಒತ್ತಡ. ನಮ್ಮ ಟ್ಯಾಂಕಿನ ನೀರು ನಲ್ಲಿಗಿಂತ 3 ಮೀಟರ್ ಮೇಲೆ, ಹಾಗಾದರೆ 0.3 ಬಾರ್. ಲೆಕ್ಕವೇನೋ ಸರಿ. ಆದರೆ ಅದೇ ಟ್ಯಾಂಕಿನಿಂದ ಬಚ್ಚಲಿಗೆ ನೀರು ಭರ್ರನೆ ಬರುತ್ತಿತ್ತಲ್ಲ? ಅತ್ತೆ ನಲ್ಲಿಯ ಮೂತಿಯನ್ನು ಬಟ್ಟೆಯಲ್ಲಿ ಹಿಡಿದು ತಿರುಗಿಸಿದರು. ತುದಿಯ ಜಾಲರಿ ಬಿಚ್ಚಿಕೊಂಡು ಕೈಗೆ ಬಂತು, ತುಂಬ ಮರಳು ಮತ್ತು ಸುಣ್ಣದ ಚೂರು. ತೊಳೆದು ಹಾಕಿದ್ದೇ ತಡ, ನೀರು ತಟ್ಟೆಗೆ ಬಡಿದು ನಮ್ಮೆಲ್ಲರ ಮೈ ನೆನೆಯಿತು. ಪಂಪಿನ ಲೆಕ್ಕ ಬರೆದ ಹಾಳೆಯನ್ನು ಇವರು ಸದ್ದಿಲ್ಲದೆ ಮಡಚಿ ಜೇಬಿಗಿಟ್ಟುಕೊಂಡರು.

ಹಿಂದಿನ ಸಣ್ಣ ಬಚ್ಚಲಿನದು ಇನ್ನೊಂದು ಕಥೆ. ಬಾಗಿಲು ತೆಗೆದರೆ ಗಟಾರದ ನಾತ. ಫಿನಾಯಿಲ್ ಸುರಿದೆ, ಉಜ್ಜಿದೆ. ಎರಡು ಗಂಟೆ ಸುಮ್ಮನಿದ್ದು ಮತ್ತೆ ಅದೇ ನಾತ. ಕಾರಣ ಕೊಳೆಯಲ್ಲ, ಒಣಗಿದ್ದು. ಪ್ರತಿ ಬಚ್ಚಲ ಕಿಂಡಿಯ ಕೆಳಗೆ, ಸಿಂಕಿನ ಕೆಳಗೆ ಬಾಗಿದ ಒಂದು ಕೊಳವೆ ಇರುತ್ತದೆ. ಆ ಬಾಗಿನಲ್ಲಿ ಎರಡು ಇಂಚಿನಷ್ಟು ನೀರು ನಿಂತೇ ಇರಬೇಕು. ಒಳಚರಂಡಿಯ ಗಾಳಿಗೆ ಆ ನೀರೇ ಬಾಗಿಲು. ಮನೆ ತಿಂಗಳುಗಟ್ಟಲೆ ಖಾಲಿಯಿದ್ದುದರಿಂದ ಆ ನೀರು ಆರಿಹೋಗಿತ್ತು. ಒಂದು ಬಕೆಟ್ ನೀರು ಸುರಿದು, ಮೇಲೆ ಒಂದು ಚಮಚ ಎಣ್ಣೆ ಬಿಟ್ಟೆ, ನೀರು ಬೇಗ ಆರದಿರಲೆಂದು. ಅರ್ಧ ದಿನದಲ್ಲಿ ನಾತ ಹೋಯಿತು. ಈ ಬಾಗು ಕೊಳವೆಯ ಉಪಾಯಕ್ಕೆ 1775ರಲ್ಲಿ ಪೇಟೆಂಟ್ ಪಡೆದವನು ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ಮಾಡುವವನಂತೆ, ಇವರು ಓದಿ ಹೇಳಿದರು. ಗಡಿಯಾರದವನಿಗೆ ಕಕ್ಕಸಿನ ಚಿಂತೆ ಯಾಕೆ ಬಂತೋ, ಅವನ ಮನೆಯೂ ನಮ್ಮ ಮನೆಯ ಹಾಗಿತ್ತೋ ಏನೋ.

ಇವೆಲ್ಲ ಚಿಲ್ಲರೆ. ನಮ್ಮನ್ನು ನಿಜವಾಗಿ ಸತಾಯಿಸಿದ್ದು ಎರಡು, ಕರೆಂಟು ಮತ್ತು ಆ ಗೋಡೆ.

ಕರೆಂಟು ಹೋಗುತ್ತಿದ್ದ ರೀತಿ ವಿಚಿತ್ರವಾಗಿತ್ತು. ಬೀದಿಯಲ್ಲೆಲ್ಲ ದೀಪ, ನಮ್ಮ ಮನೆಯಲ್ಲಿ ಮಾತ್ರ ಕತ್ತಲೆ. ಬೋರ್ಡಿನಲ್ಲಿ ಆರ್‌ಸಿಸಿಬಿ ಕೆಳಗೆ ಬಿದ್ದಿರುತ್ತಿತ್ತು. ಒಳಗೆ ಹೋದ ಕರೆಂಟನ್ನೂ ವಾಪಸ್ ಬಂದ ಕರೆಂಟನ್ನೂ ತೂಗಿ ನೋಡುತ್ತಿರುವ ಸಾಧನ ಅದು. 30 ಮಿಲಿ ಆಂಪಿಯರ್‌ನಷ್ಟು ಲೆಕ್ಕ ತಪ್ಪಿದರೂ, ಎಲ್ಲೋ ಯಾರ ಮೈಯಲ್ಲೋ ಹರಿಯುತ್ತಿದೆ ಎಂದುಕೊಂಡು ಮನೆಗೆ ಮನೆಯನ್ನೇ ಆರಿಸಿಬಿಡುತ್ತದೆ. ಎತ್ತಿ ಹಾಕಿದರೆ ನಿಲ್ಲುತ್ತಿತ್ತು. ನಾನು ಇಸ್ತ್ರಿ ಪೆಟ್ಟಿಗೆ ಹಚ್ಚಿದೊಡನೆ ಟಪ್ ಎಂದು ಬೀಳುತ್ತಿತ್ತು.

“ರೀ, ಮತ್ತೆ ಹೋಯ್ತು!”

“ಇಸ್ತ್ರಿ ಪೆಟ್ಟಿಗೇದೇ ದೋಷ. ಹಳೇದಾಯ್ತು, ಬಿಸಾಕು.”

ಹಳೇ ಮನೆಯಲ್ಲಿ ಅದು ಒಂದು ದಿನವೂ ತಕರಾರು ಮಾಡಿರಲಿಲ್ಲ. ಆದರೂ ಅಪವಾದ ಹೊತ್ತು ಅಟ್ಟ ಸೇರಿತು. ಮಾರನೆಯ ದಿನ ಬಟ್ಟೆ ಒಗೆಯುವ ಯಂತ್ರ ನೀರು ಕಾಯಿಸಲು ಶುರುಮಾಡಿದಾಗ ಬಿತ್ತು. ಅದರ ಮಾರನೆಯ ದಿನ ಮಿಕ್ಸಿ. ದಿನಕ್ಕೊಬ್ಬ ಅಪರಾಧಿ. ಇವರು ವಿಧಿವತ್ತಾಗಿ ತನಿಖೆಗೆ ಇಳಿದರು. ಒಂದೊಂದು ಸಾಲಿನ ಕರೆಂಟಿಗೆ ಒಂದೊಂದರಂತೆ ಬೋರ್ಡಿನಲ್ಲಿರುವ ಎಂಸಿಬಿ ಸ್ವಿಚ್ಚುಗಳನ್ನೆಲ್ಲ ಕೆಳಗೆ ಹಾಕಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ ಎತ್ತುತ್ತಾ ಹೋಗುವುದು. ಯಾವುದನ್ನು ಎತ್ತಿದಾಗ ಬೀಳುತ್ತದೋ ದೋಷ ಆ ಸಾಲಿನಲ್ಲಿ. ಪುಸ್ತಕದ ಪ್ರಕಾರ ಸರಿಯಾದ ಕ್ರಮ. ನಮ್ಮ ಮನೆಯಲ್ಲಿ ಪ್ರತಿ ಸಲ ಬೇರೆ ಬೇರೆ ಸಾಲು ಸಿಕ್ಕಿಬಿತ್ತು. ಆ ರಾತ್ರಿ ಇಡೀ ಮನೆಯ ವೈರಿಂಗ್ ಕಿತ್ತು ಹಾಕಿಸಬೇಕೇನೋ ಎಂದು ಮಾತಾಡಿಕೊಂಡು ಮಲಗಿದೆವು. ನಿದ್ದೆ ಬರಲಿಲ್ಲ.

ಮೊದಲು ಬಂದ ಎಲೆಕ್ಟ್ರಿಷಿಯನ್ ಬೋರ್ಡು ನೋಡಿದ, ನಕ್ಕ. “ಇದು ಬಹಳ ಸೂಕ್ಷ್ಮ ಮೇಡಂ, ಬೈಪಾಸ್ ಮಾಡಿಬಿಡ್ತೀನಿ, ಇನ್ಮೇಲೆ ಬೀಳೋದೇ ಇಲ್ಲ,” ಅಂದ. ಬೀಳುವುದಿಲ್ಲ, ನಿಜ. ಕೂಗುವ ನಾಯಿಯ ಬಾಯಿ ಕಟ್ಟಿದರೆ ಮನೆ ಶಾಂತವಾಗಿಯೇ ಇರುತ್ತದೆ. ಬೇಡಪ್ಪ ಎಂದು ಕಳಿಸಿದೆ. ಯಾರಾದರೂ ಈ ಸಲಹೆ ಕೊಟ್ಟರೆ ನೀವೂ ಕಳಿಸಿಬಿಡಿ. ಇದೊಂದು ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ.

ಎರಡನೆಯವರು ವಯಸ್ಸಾದವರು, ಮಾತು ಕಡಿಮೆ. ಬಂದವರೇ ಮನೆಯ ಎಲ್ಲ ಪ್ಲಗ್ಗುಗಳನ್ನೂ ಸಾಕೆಟ್ಟಿನಿಂದ ಎಳೆಯಲು ಹೇಳಿದರು. ಎಳೆದೆವು. ಅಟ್ಟದಿಂದ ಇಸ್ತ್ರಿ ಪೆಟ್ಟಿಗೆ ತರಿಸಿ ಹಚ್ಚಿಸಿದರು. ಬಿತ್ತು.

“ಎಲ್ಲಾ ಎಳೆದಿದ್ದೀರಾ?”

“ಎಲ್ಲಾ ಎಳೆದಿದ್ದೀವಿ.”

ಅವರು ಬಚ್ಚಲಿಗೆ ಹೋಗಿ ತಲೆಯೆತ್ತಿ ನೋಡಿದರು. ಗೀಸರ್. ಮನೆಯ ಜೊತೆಗೇ ಬಂದದ್ದು. ಸೆಖೆಗೆ ನಾವು ಅದನ್ನು ಒಂದು ಸಲವೂ ಹಚ್ಚಿರಲಿಲ್ಲ. ಸ್ವಿಚ್ಚು ಆರಿಯೇ ಇತ್ತು. ಆರಿದ್ದರ ಮೇಲೆ ಯಾರಿಗೆ ಅನುಮಾನ? ಅವರು ಸ್ಟೂಲ್ ಹತ್ತಿ ಅದರ ಪ್ಲಗ್ ಎಳೆದರು. ಈಗ ಇಸ್ತ್ರಿ ಪೆಟ್ಟಿಗೆ, ಮಿಕ್ಸಿ, ಬಟ್ಟೆ ಯಂತ್ರ ಮೂರನ್ನೂ ಒಟ್ಟಿಗೆ ಓಡಿಸಿದರೂ ಬೀಳಲಿಲ್ಲ.

ಗೀಸರಿನ ಒಳಗೆ ನೀರು ಕಾಯಿಸುವ ಎಲಿಮೆಂಟ್ ಸುಣ್ಣ ಕಟ್ಟಿ ಬಿರುಕು ಬಿಟ್ಟು, ನ್ಯೂಟ್ರಲ್ ಕಡೆಯ, ಅಂದರೆ ಕರೆಂಟು ವಾಪಸ್ ಹೋಗುವ ತಂತಿಯ ಕಡೆಯ ತುದಿ ನೀರಿನ ಮೂಲಕ ಅರ್ತ್‌ಗೆ ತಾಗಿತ್ತು. ಅಲ್ಲಿನ ಸ್ವಿಚ್ಚೂ ಎಂಸಿಬಿಯೂ ಕತ್ತರಿಸುವುದು ಕರೆಂಟು ಒಳಗೆ ತರುವ ಫೇಸ್ ತಂತಿಯನ್ನು ಮಾತ್ರ. ನ್ಯೂಟ್ರಲ್ ಜೋಡಿಸಿಕೊಂಡೇ ಇರುತ್ತದೆ. ಇಸ್ತ್ರಿ ಪೆಟ್ಟಿಗೆಯಂಥ ಭಾರದ ಸಾಮಾನು ಓಡಿದಾಗ, ನ್ಯೂಟ್ರಲ್‌ನಲ್ಲಿ ವಾಪಸ್ ಹೋಗಬೇಕಾದ ಕರೆಂಟಿನ ಒಂದು ಪಾಲು ಗೀಸರಿನ ಅಡ್ಡದಾರಿ ಹಿಡಿದು ಭೂಮಿಗೆ ಇಳಿಯುತ್ತಿತ್ತು. ಆರ್‌ಸಿಸಿಬಿಗೆ ಲೆಕ್ಕ ಸಿಗುತ್ತಿರಲಿಲ್ಲ, ಬೀಳುತ್ತಿತ್ತು. ಇವರ ತನಿಖೆ ದಾರಿ ತಪ್ಪಿದ್ದೂ ಇದಕ್ಕೇ. ಎಂಸಿಬಿ ಕೆಳಗೆ ಹಾಕಿದಾಗಲೂ ಕಳ್ಳ ಮನೆಯೊಳಗೇ ಇದ್ದ. ಎಲೆಕ್ಟ್ರಿಷಿಯನ್ ಕರೆಂಟು ಸೋರುತ್ತಿದೆಯೇ ಎಂದು ನೋಡುವ ಮೆಗ್ಗರ್ ಮೀಟರ್ ಹಚ್ಚಿ ಅಳೆದು ತೋರಿಸಿದ ಮೇಲೆ ಎಲಿಮೆಂಟ್ ಬದಲಿಸಿದೆವು, ಜೊತೆಗೆ ಗೀಸರಿಗೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕತ್ತರಿಸುವ ಡಬಲ್ ಪೋಲ್ ಸ್ವಿಚ್ಚು ಹಾಕಿಸಿದೆವು. ಇಸ್ತ್ರಿ ಪೆಟ್ಟಿಗೆ ಅಟ್ಟದಿಂದ ಇಳಿಯಿತು. ಇವರು ಅದರ ಕ್ಷಮೆ ಕೇಳಲಿಲ್ಲ, ಆದರೆ ತಮ್ಮ ಅಂಗಿಗಳನ್ನು ಒಂದು ವಾರ ತಾವೇ ಇಸ್ತ್ರಿ ಮಾಡಿಕೊಂಡರು.

ಇದು ಮುಗಿದದ್ದು ಹತ್ತನೇ ದಿನ. ಹನ್ನೆರಡನೇ ದಿನ ಗೋಡೆ ಸಿಕ್ಕಿತು. ಗೀಸರಿನಿಂದ ಕಲಿತ ಪಾಠ ಹಸಿಯಾಗಿದ್ದರೂ ಗೋಡೆಯ ಮುಂದೆ ನಾವು ಅದನ್ನು ಪೂರ್ತಿ ಮರೆತೆವು.

ಬೀರುವನ್ನು ಖಾಲಿ ಮಾಡಿ ಹಾಲ್‌ಗೆ ತಂದೆವು. ಸೋಫಾ ಇಡಬೇಕಾದ ಜಾಗದಲ್ಲಿ ಅದು ನಿಂತಿತು, ಸೋಫಾ ಊಟದ ಮೇಜಿನ ಪಕ್ಕಕ್ಕೆ ಸರಿಯಿತು, ಮೇಜು ಕಿಟಕಿಗೆ ಅಡ್ಡವಾಯಿತು. ಬಿಚ್ಚದ ಡಬ್ಬಗಳು ಹಾಗೇ ಉಳಿದವು. ತೇವದ ಕೋಣೆಯಲ್ಲಿ ಏನಿಡುವುದು?

ನೋಡಿದವರೆಲ್ಲ ಒಂದೊಂದು ಕಾರಣ ಹೇಳಿದರು. ಬಣ್ಣದವನು, ತಾರಸಿಯಿಂದ ಇಳಿದಿದೆ ಅಂದ. ಮೇಲಿನ ಸ್ಲ್ಯಾಬೂ ಗೋಡೆಯ ಮೇಲರ್ಧವೂ ಒಣಗಿದ್ದವು, ಮಳೆಯ ಸುಳಿವೇ ಇಲ್ಲ, ಆದರೂ ಅಂದ. ಪಕ್ಕದ ಮನೆಯವರು, ಭೂಮಿಯಿಂದ ಏರಿದ್ದು, ಹಳೇ ಮನೆಗಳಲ್ಲಿ ಇದ್ದದ್ದೇ ಅಂದರು. ಇಟ್ಟಿಗೆ ನೆಲದ ತೇವವನ್ನು ಬತ್ತಿ ಎಣ್ಣೆ ಹೀರಿದ ಹಾಗೆ ಮೇಲಕ್ಕೆಳೆಯುತ್ತದೆ, ಮೀಟರ್‌ವರೆಗೂ ಏರುತ್ತದೆ, ಅದು ನಿಜ. ಆದರೆ ಹಾಗೆ ಏರುವ ತೇವ ಗೋಡೆಯುದ್ದಕ್ಕೂ ಒಂದೇ ಮಟ್ಟದಲ್ಲಿ ಇರಬೇಕಿತ್ತು. ನಮ್ಮದು ಬಲಗಡೆ ದಟ್ಟ, ಎಡಕ್ಕೆ ಬರುಬರುತ್ತಾ ಇಲ್ಲ. ಇನ್ನೊಬ್ಬರು, ಗಾಳಿಯಾಡದೆ ಗೋಡೆ ಬೆವರಿದೆ, ಕಿಟಕಿ ತೆಗೆದಿಡಿ ಅಂದರು. ಈ ಮಾತನ್ನು ಪರೀಕ್ಷಿಸುವುದು ಸುಲಭ. ಅಲ್ಯೂಮಿನಿಯಂ ಹಾಳೆಯನ್ನು ಅಂಗೈಯಗಲ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪು ಬಿಗಿದು ಗೋಡೆಗೆ ಅಂಟಿಸಿ ಎರಡು ದಿನ ಬಿಟ್ಟೆವು. ಗಾಳಿಯ ತೇವವಾದರೆ ಹಾಳೆಯ ಹೊರಮೈ ಒದ್ದೆಯಾಗಬೇಕು, ಗೋಡೆಯೊಳಗಿನದಾದರೆ ಒಳಮೈ. ತೆಗೆದಾಗ ಹೊರಗೆ ಒಣ, ಒಳಗೆ ಹನಿಹನಿ.

ಗೋಡೆಯ ಆಚೆ ಬದಿಗೆ ದೊಡ್ಡ ಬಚ್ಚಲು. ಪ್ಲಂಬರ್ ಮೇಸ್ತ್ರಿ ಗೋಡೆಗೆ ಬೆರಳಲ್ಲಿ ಕುಟ್ಟಿ, “ಒಳಗೆ ಪೈಪು ಒಡೆದಿದೆ ಅಕ್ಕ, ಗೋಡೆ ಒಡೆಯಲೇಬೇಕು,” ಅಂದರು. ಆ ಮಾತು ಕೇಳಿದರೇ ಎದೆ ಧಸಕ್ಕೆನ್ನುತ್ತದೆ. ಪೈಪು ಸೋರುತ್ತಿದ್ದರೆ ಟ್ಯಾಂಕು ಇಳಿಯಬೇಕಲ್ಲ ಎಂದರು ಇವರು. ಆ ರಾತ್ರಿ ಎಲ್ಲ ನಲ್ಲಿ ಬಿಗಿದು, ಟ್ಯಾಂಕಿಗೆ ಬರುವ ನೀರನ್ನೂ ಕಟ್ಟಿ, ಒಂದು ಕೋಲನ್ನು ಟ್ಯಾಂಕಿನ ತಳಕ್ಕೆ ಮುಟ್ಟಿಸಿ ನೀರಿನ ಮಟ್ಟಕ್ಕೆ ಗೀರು ಹಾಕಿದೆವು. ಬೆಳಿಗ್ಗೆ ಮಟ್ಟ 6 ಸೆಂ.ಮೀ. ಕೆಳಗೆ. ಟ್ಯಾಂಕಿನ ಅಡ್ಡಳತೆ 1 ಮೀಟರ್; 1 ಸೆಂ.ಮೀ. ಇಳಿದರೆ ಹತ್ತಿರಹತ್ತಿರ 8 ಲೀಟರ್. ಅಂದರೆ ನಾವು ಮಲಗಿ ಏಳುವಷ್ಟರಲ್ಲಿ 47 ಲೀಟರ್ ಎಲ್ಲೋ ಹೋಗಿತ್ತು.

“ನೋಡಿ, ನಾನು ಹೇಳಿಲ್ವಾ?” ಮೇಸ್ತ್ರಿ ಸುತ್ತಿಗೆ ಉಳಿ ತರಲು ಹೊರಟರು.

ಅತ್ತೆ ತಡೆದರು. “ಅಷ್ಟು ನೀರು ಗೋಡೆ ಕುಡಿದಿದ್ದರೆ ಇಷ್ಟು ಹೊತ್ತಿಗೆ ಕೋಣೆಯೊಳಗೆ ಹೊಳೆ ಹರೀಬೇಕಿತ್ತಪ್ಪ. ಮೊದಲು ಬೇರೆ ಕಡೆ ನೋಡೋಣ.”

ಗೀಸರಿನ ಪಾಠ ನನಗೆ ಜ್ಞಾಪಕ ಬಂದದ್ದು ಆಗ. ಆರಿದ್ದು ಎಂದುಕೊಂಡದ್ದರ ಮೇಲೆ ಅನುಮಾನ ಪಡಬೇಕು. ಬಚ್ಚಲಲ್ಲಿ ಯಾವಾಗಲೂ ಸುಮ್ಮನೆ ಕೂತಿರುವುದು ಯಾವುದು? ಫ್ಲಶ್ ಟ್ಯಾಂಕು. ಮಗಳ ಬಣ್ಣದ ಡಬ್ಬಿಯಿಂದ ನೀಲಿ ಬಣ್ಣ ಕದಡಿ ಅದರೊಳಗೆ ಹಾಕಿದೆವು. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರದೆಂದು ಆಜ್ಞೆಯಾಯಿತು. ಮಗಳು ಬಾಗಿಲಲ್ಲೇ ಕಾವಲು ಕೂತಳು. “ಅಮ್ಮಾ, ಸಮುದ್ರ ಬಂತು!” ಎಂದು ಕೂಗಿದಾಗ ಎಲ್ಲರೂ ಓಡಿದೆವು. ಕಮೋಡಿನ ಬಿಳಿ ಗೋಡೆಯ ಮೇಲೆ ನೀಲಿ ನೀರು ಗೆರೆಗೆರೆಯಾಗಿ ಇಳಿಯುತ್ತಿತ್ತು. ಸದ್ದಿಲ್ಲ, ಗದ್ದಲವಿಲ್ಲ. ತಳದ ರಬ್ಬರ್ ಮುಚ್ಚಳ ಗಟ್ಟಿಯಾಗಿ ಸರಿಯಾಗಿ ಕೂರದೆ ಹಗಲೂ ರಾತ್ರಿ ನೀರು ಜಾರುತ್ತಿತ್ತು. ಫ್ಲಶ್ಶಿಗೆ ನೀರು ಬಿಡುವ ಆಂಗಲ್ ವಾಲ್ವ್ ಮುಚ್ಚಿ ಆ ರಾತ್ರಿ ಮತ್ತೆ ಕೋಲು ಇಳಿಬಿಟ್ಟೆವು. ಬೆಳಿಗ್ಗೆ ಗೀರು ಇದ್ದಲ್ಲೇ ಇತ್ತು.

ಹಾಗಾಗಿ ಗೋಡೆಯೊಳಗಿನ ಪೈಪು ನಿರಪರಾಧಿ. ಫ್ಲಶ್ಶಿನ ನೀರೋ ನೇರ ಚರಂಡಿಗೆ ಹೋಗುತ್ತಿತ್ತು, ಗೋಡೆಗೂ ಅದಕ್ಕೂ ಸಂಬಂಧವಿಲ್ಲ. ಒಂದು ಸೋರಿಕೆ ಹುಡುಕಲು ಹೋಗಿ ಇನ್ನೊಂದು ಸಿಕ್ಕಿತು. ಗೋಡೆ ಮಾತ್ರ ಒದ್ದೆಯಾಗಿಯೇ ಉಳಿಯಿತು. ಆ ಹೊತ್ತು ನನಗೆ ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಸುಮ್ಮನೆ ಹಾಲ್‌ಗೆ ಬಂದು ಬೀರುವಿಗೆ ಒರಗಿ ನೆಲದ ಮೇಲೆ ಕೂತೆ. ಹಳೇ ಮನೆ ನೆನಪಾಯಿತು. ಅಲ್ಲಿಯೂ ನಲ್ಲಿ ಸೋರುತ್ತಿತ್ತು, ಬಾಗಿಲು ಕಿರುಗುಟ್ಟುತ್ತಿತ್ತು. ಆದರೆ ಅವು ನಮಗೆ ಗೊತ್ತಿದ್ದ ಸದ್ದುಗಳು. ಇಲ್ಲಿ ರಾತ್ರಿ ಎಲ್ಲೋ ಏನೋ ಟಪ್ ಅಂದರೆ ಇಡೀ ಮನೆ ಎದ್ದು ಕೂರುತ್ತಿತ್ತು.

ಅಷ್ಟರಲ್ಲಿ ನಾನು ಇನ್ನೊಂದು ಕೆಲಸ ಶುರುಮಾಡಿದ್ದೆ. ತೇವದ ಅಂಚಿನ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯುವುದು. ನಾಲ್ಕು ದಿನಕ್ಕೊಮ್ಮೆ ಒಂದು ಗೆರೆ. ಗೋಡೆ ಭೂಪಟದಂತಾಯಿತು. ಮಗಳು ಅದರಲ್ಲಿ ದೋಣಿ ಬಿಡಿಸಿದಳು, ಮೀನು ಬಿಡಿಸಿದಳು, ಬೈಯಲು ಮನಸ್ಸಾಗಲಿಲ್ಲ. ಆ ಗೆರೆಗಳೇ ಕಡೆಗೆ ನಮಗೆ ದಾರಿ ತೋರಿಸಿದವು. ಎರಡು ದಿನ ನೆಂಟರ ಮನೆಗೆ ಹೋಗಿ ಬಂದಾಗ ಅಂಚು ಗೆರೆಯಿಂದ ಬೆರಳಗಲ ಒಳಕ್ಕೆ ಸರಿದಿತ್ತು. ವಾರಾಂತ್ಯದಲ್ಲಿ ಎಲ್ಲರೂ ತಲೆಗೆ ಸ್ನಾನ ಮಾಡಿದ ಮೇಲೆ ಹೊರಗೆ ದಾಟಿತ್ತು. ನಾವು ಬಳಸಿದ ನೀರೇ, ಪೈಪಿನದಲ್ಲ. ಹಾಗಾದರೆ ಬಚ್ಚಲಿನ ನೆಲ.

ನೆಲವನ್ನು ಪರೀಕ್ಷಿಸುವ ರೀತಿ ಮೇಸ್ತ್ರಿಗೆ ಗೊತ್ತಿತ್ತು. ನೆಲದ ನೀರು ಇಳಿಯುವ ಕಿಂಡಿಯ, ಅಂದರೆ ನಹಾನಿ ಟ್ರ್ಯಾಪಿನ ಬಾಯಿಗೆ ಪ್ಲಾಸ್ಟಿಕ್ಕು ಬಟ್ಟೆ ತುರುಕಿ, ಬಾಗಿಲಿಗೆ ಒದ್ದೆ ಬಟ್ಟೆಯ ಕಟ್ಟೆ ಕಟ್ಟಿ, ಇಂಚಿನಷ್ಟು ನೀರು ನಿಲ್ಲಿಸಿ 24 ಗಂಟೆ ಬಿಡುವುದು. ಮಟ್ಟ ಇಳಿದರೆ ನೆಲ ಸೋರುತ್ತದೆ. “ಆವಿಯಾಗಿ ಹೋದದ್ದು ಎಷ್ಟು, ಸೋರಿದ್ದು ಎಷ್ಟು ಅಂತ ಹೇಗೆ ತಿಳಿಯುತ್ತೆ?” ಎಂದು ಕೇಳಿದವರು ಅತ್ತೆ. ಯಾರಿಗೂ ಉತ್ತರ ಹೊಳೆಯಲಿಲ್ಲ. ಅವರೇ ಒಂದು ಅಗಲ ಬೇಸಿನ್ನಿಗೆ ನೀರು ತುಂಬಿ, ಗೀರು ಹಾಕಿ, ಬಚ್ಚಲಲ್ಲೇ ಸ್ಟೂಲಿನ ಮೇಲೆ ಇಟ್ಟರು. ಮರುದಿನ ಬೇಸಿನ್ನಿನ ನೀರು ಕೂದಲೆಳೆಯಷ್ಟು ಇಳಿದಿತ್ತು. ನೆಲದ ನೀರು ಅರ್ಧಕ್ಕೆ ಬಂದಿತ್ತು. ಮೂರನೇ ದಿನ ಗೋಡೆಯ ತೇವ ಎಲ್ಲ ಗೆರೆಗಳನ್ನೂ ದಾಟಿ ಮಗಳ ಮೀನಿನ ಬಾಲ ಮುಟ್ಟಿತು.

ಮೇಸ್ತ್ರಿ ಸುಮ್ಮನೆ ಒಪ್ಪಿಕೊಂಡರು. “ಗೋಡೆ ಒಡೆದಿದ್ರೆ ಏನೂ ಸಿಕ್ತಿರಲಿಲ್ಲ ಅಕ್ಕ,” ಅಂದರು. ಅವರ ಬಗ್ಗೆ ನನಗೆ ಗೌರವ ಬಂದದ್ದು ಆ ಮಾತಿಗೆ.

ಮೂಲೆಯ ನಾಲ್ಕು ಟೈಲ್ಸ್ ಎಬ್ಬಿಸಿದಾಗ ಕೆಳಗಿನ ಮರಳು ಕೆಸರಾಗಿತ್ತು. ಟ್ರ್ಯಾಪಿನ ಸುತ್ತ ತುಂಬಿದ್ದ ಸಿಮೆಂಟು ಬಿಟ್ಟುಕೊಂಡಿತ್ತು. ಟೈಲ್ಸ್ ನಡುವಿನ ಸಂದುಗಳಿಗೆ ತುಂಬಿದ್ದ ಗ್ರೌಟ್ ಉದುರಿಹೋಗಿತ್ತು. ಇದೆಲ್ಲದಕ್ಕಿಂತ ದೊಡ್ಡ ತಪ್ಪು ಇಳಿಜಾರಿನದು. ನೀರು ಕಿಂಡಿಯ ಕಡೆಗೆ ಹರಿಯದೆ ಗೋಡೆಯ ಮೂಲೆಯಲ್ಲಿ ನಿಲ್ಲುತ್ತಿತ್ತು. ಮೂಲೆಯಲ್ಲಿ ನಿಂತ ನೀರು ಸಂದಿನಿಂದ ಇಳಿದು, ಮರಳಲ್ಲಿ ಕೂತು, ಅಲ್ಲಿಂದ ಇಟ್ಟಿಗೆ ಹೀರಿಕೊಂಡು, ಸ್ಕರ್ಟಿಂಗಿನ ಹಿಂದೆ ಅಡಗಿ ಏರಿ, ಕಡೆಗೆ ಮಲಗುವ ಕೋಣೆಯಲ್ಲಿ ಬೀರುವಿನ ಬೆನ್ನಿಗೆ ಮೂಡುತ್ತಿತ್ತು. ಬಚ್ಚಲಲ್ಲಿ ನಿಂತು ನೋಡಿದರೆ ಏನೇನೂ ಕಾಣುತ್ತಿರಲಿಲ್ಲ.

ಇಡೀ ನೆಲ ಎಬ್ಬಿಸಿಯೇ ಮಾಡಿಸಿದೆವು. ಮೀಟರಿಗೆ ಒಂದೂವರೆ ಸೆಂ.ಮೀ. ಇಳಿಜಾರು, ವಾಟರ್‌ಪ್ರೂಫ್ ಲೇಪನ ಎರಡು ಸಲ, ಒಂದು ಉದ್ದಕ್ಕೆ ಒಂದು ಅಡ್ಡಕ್ಕೆ, ಗೋಡೆಯ ಮೇಲೂ ಒಂದು ಅಡಿಯವರೆಗೆ. ಟೈಲ್ಸ್ ಕೂರಿಸುವ ಮುಂಚೆಯೇ ಮತ್ತೊಮ್ಮೆ 24 ಗಂಟೆ ನೀರು ನಿಲ್ಲಿಸಿ ನೋಡಲೇಬೇಕು, ಆಮೇಲೆ ನೋಡಿದರೆ ಮತ್ತೆ ಒಡೆಯಬೇಕಾಗುತ್ತದೆ. ಸಂದಿಗೆ ಎಪಾಕ್ಸಿ ಗ್ರೌಟ್. ಹನ್ನೊಂದು ದಿನ ಧೂಳು, ಸದ್ದು. ಅಷ್ಟು ದಿನವೂ ನಮ್ಮ ಸ್ನಾನವೆಲ್ಲ ಹಿಂದಿನ ಸಣ್ಣ ಬಚ್ಚಲಲ್ಲಿ. ಬೆಳಿಗ್ಗೆ ಸಾಲು ನಿಲ್ಲುವಾಗ, ಮೊದಲ ವಾರ ನಾತಕ್ಕೆ ಹೆದರಿ ಇದರ ಬಾಗಿಲಿಗೆ ಬೀಗ ಹಾಕಬೇಕೆಂದಿದ್ದನ್ನು ಇವರು ದಿನಾ ನೆನಪಿಸುತ್ತಿದ್ದರು.

ಬಚ್ಚಲು ಸರಿಹೋದದ್ದೇ ಬೀರು ಒಳಗೆ ಹೋಗಬಹುದು ಎಂದುಕೊಂಡಿದ್ದೆ. ಮೇಸ್ತ್ರಿ ತಲೆ ಅಲ್ಲಾಡಿಸಿದರು. ಇಟ್ಟಿಗೆ ಗೋಡೆ ಒಣಗಲು ಇಂಚಿಗೆ ಒಂದು ತಿಂಗಳು ಎಂಬುದು ಕಟ್ಟಡದವರ ಅಂದಾಜು. ನಮ್ಮದು 9 ಇಂಚಿನ ಗೋಡೆ. ಎರಡೂ ಕಡೆ ಗಾಳಿಯಾಡಿದರೆ ಬೇಗ ಒಣಗೀತು, ಆದರೆ ಆಚೆ ಬದಿಗೆ ಟೈಲ್ಸ್. ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಹಳೇ ಸಾರಣೆ ಕೆತ್ತಿಸಿ ಇಟ್ಟಿಗೆಯನ್ನು ಬರಿದಾಗಿ ಬಿಟ್ಟೆವು. ಮಗಳ ದೋಣಿ, ಮೀನು ಎಲ್ಲ ಗೋಣಿಚೀಲ ಸೇರಿದವು. ಅವಳು ಎರಡು ದಿನ ನಮ್ಮ ಜೊತೆ ಮಾತಾಡಲಿಲ್ಲ. ಇಟ್ಟಿಗೆಯ ಮೇಲೆ ಹೊಸದಾಗಿ ಮೂಡುವ ಉಪ್ಪನ್ನು ನಾನು ಮೊದಲೆರಡು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅದು ತಪ್ಪಂತೆ; ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್ಷಿನಲ್ಲಿ ಉಜ್ಜಿ, ಉದುರಿದ್ದನ್ನು ಗುಡಿಸಿ ತೆಗೆಯಬೇಕು. ವಾರಕ್ಕೊಮ್ಮೆ ಅದೇ ಕೆಲಸ. ಮೊದಮೊದಲು ಹಿಡಿ ತುಂಬ ಬರುತ್ತಿತ್ತು, ಆಮೇಲೆ ಚಿಟಿಕೆಯಷ್ಟು.

ನಡುವೆ ಮಳೆಗಾಲ ಬಂತು. ಮಲಗುವ ಕೋಣೆಯ ಬಾಗಿಲು ಊದಿಕೊಂಡು ಚೌಕಟ್ಟಿಗೆ ಕಚ್ಚಿತು. ಇವರು ಮರ ಹೆರೆಯುವ ರಂಧ ಹಿಡಿದು ಹೊರಟರು. ಮಳೆಯಲ್ಲಿ ಊದಿದ್ದನ್ನು ಮಳೆಯಲ್ಲೇ ಕೆತ್ತಿದರೆ ಬೇಸಿಗೆಯಲ್ಲಿ ಸಂದು ಬಿಡುತ್ತದೆ, ತಡೀರಿ ಅಂದೆ. ಬಾಗಿಲಂಚಿಗೆ ಸೀಮೆಸುಣ್ಣ ಸವರಿ ಮುಚ್ಚಿ ತೆಗೆದು, ಎಲ್ಲಿ ಸುಣ್ಣ ಅಳಿಸಿತೋ ಅಲ್ಲಿ ಮಾತ್ರ ಗುರುತು ಹಾಕಿದೆವು. ಬೀರು ಒಳಗೆ ಹೋಗುವಾಗ ಉಜ್ಜಿ ಬಣ್ಣ ಕಿತ್ತುಬಂದಿದ್ದ ಕಡೆಯೇ ಅದು. ಬಣ್ಣ ಹೋದ ಮರ ತೇವ ಕುಡಿದಿತ್ತು. ಬಿಸಿಲು ಬಂದ ಮೇಲೆ ಬಾಗಿಲು ತಾನೇ ಕುಗ್ಗಿತು. ಆಗ ಅಂಚಿಗೆ ಬಣ್ಣ ಹಚ್ಚಿದೆವು, ಅಷ್ಟೇ.

ಡಬ್ಬಗಳು ಒಂದೊಂದಾಗಿ ಬಿಚ್ಚಿಕೊಂಡವು. ಒಂದೇ ದಿನಕ್ಕೆ ಅಲ್ಲ, ಬೇಕಾದಾಗ ಬೇಕಾದದ್ದು. ಬೀರು ಹಾಲ್‌ನಲ್ಲಿದ್ದುದರಿಂದ ಬಟ್ಟೆ ಮಡಚುವುದು ಹಾಲ್‌ನಲ್ಲೇ ಆಗತೊಡಗಿತು. ಸಂಜೆ ಹೊತ್ತು ಎಲ್ಲರೂ ಅಲ್ಲೇ ಕೂತು ಒಬ್ಬರು ಮಡಚಿ ಒಬ್ಬರು ಜೋಡಿಸುತ್ತಿದ್ದೆವು. ಅತ್ತೆ ತಮ್ಮ ಔಷಧಿ ಡಬ್ಬಿಯನ್ನು ಬೀರುವಿನ ಮೇಲಿನ ಅರೆಗೆ ತಂದಿಟ್ಟರು, ಕನ್ನಡಕವೂ ಅಲ್ಲಿಗೇ ಬಂತು. ಮಗಳು ಬೀರುವಿನ ಪಕ್ಕಕ್ಕೂ ಗೋಡೆಗೂ ನಡುವಿನ ಸಂದಿನಲ್ಲಿ ಒಂದು ದಿಂಬು ಇಟ್ಟುಕೊಂಡು ಅದನ್ನು ತನ್ನ ಕೋಣೆ ಮಾಡಿಕೊಂಡಳು. ಒಳಗೆ ಹೋಗಬೇಕಾದರೆ ಬಾಗಿಲು ತಟ್ಟಬೇಕು, ಬಾಗಿಲು ಇರಲಿಲ್ಲ, ಆದರೂ ತಟ್ಟಬೇಕು.

ಎಂಟನೇ ತಿಂಗಳಲ್ಲಿ ಮತ್ತೆ ಅಲ್ಯೂಮಿನಿಯಂ ಹಾಳೆ ಅಂಟಿಸಿದೆವು. ಎರಡು ದಿನವಲ್ಲ, ನಂಬಿಕೆ ಸಾಲದೆ ನಾಲ್ಕು ದಿನ ಬಿಟ್ಟೆವು. ಒಳಮೈಯೂ ಒಣ. ಹೊಸ ಸಾರಣೆಯಾಯಿತು, ಅದು ಒಣಗಿದ ಮೇಲೆ ಬಣ್ಣವಾಯಿತು. ಈ ಸಲ ನಾಲ್ಕೂ ಗೋಡೆಗೆ.

ಬೀರು ಒಳಗಿಡಲು ಒಂದು ಭಾನುವಾರ ಇವರು ಇಬ್ಬರು ಗೆಳೆಯರನ್ನು ಕರೆಸಿದರು. ಅರೆಗಳನ್ನು ಖಾಲಿ ಮಾಡಲು ಬಾಗಿಲು ತೆಗೆದೆ. ಅತ್ತೆ ಬಂದು ತಮ್ಮ ಔಷಧಿ ಡಬ್ಬಿ ಇಟ್ಟ ಅರೆಗೆ ಕೈ ಅಡ್ಡ ಹಿಡಿದರು.

“ಒಳಗ್ಯಾಕೆ? ಇಲ್ಲೇ ಇರಲಿ ಬಿಡು. ಅಭ್ಯಾಸ ಆಗೋಗಿದೆ.”

ಸಂದಿನಿಂದ ಮಗಳ ದನಿ ಬಂತು: “ನನ್ನ ಕೋಣೆ ಗೋಡೆ ತೆಗೀಬೇಡಿ!”

ಇವರು ಗೆಳೆಯರ ಮುಖ ನೋಡಿದರು. ಗೆಳೆಯರು ಬೀರುವಿನ ತೂಕವನ್ನು ಕಣ್ಣಲ್ಲೇ ಅಳೆದು, ಅತ್ತೆಯ ಮಾತು ಬಹಳ ಸರಿಯಾಗಿದೆ ಅಂದರು. ನಾನು ಬಾಗಿಲು ಮುಚ್ಚಿದೆ.